"ನಂಬಲ್ಲ ಮೇಡಂ, ಆದ್ರೆ ನಾಳೆ ಏನಾದ್ರೂ ಆದ್ರೆ?"

ಜಾತಕದ ಹೆದರಿಕೆ ಹೊತ್ತು ನನ್ನ ಹತ್ತಿರ ಆಪ್ತಸಲಹೆಗೆ ಬರುವವರಲ್ಲಿ ಓದಿದವರು ಕಡಿಮೆ ಇರುತ್ತಾರೆ ಎಂದುಕೊಂಡರೆ ತಪ್ಪು. ಎಂಜಿನಿಯರುಗಳು, ವೈದ್ಯರು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು ಬರುತ್ತಾರೆ. ಅವರೆಲ್ಲರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ನಾನೇನೂ ಇದನ್ನೆಲ್ಲ ನಂಬಲ್ಲ, ಆದ್ರೆ..." ಆ 'ಆದ್ರೆ' ಆದ ಮೇಲೆ ಬರುವ ಮಾತನ್ನು ಮನೆಯಲ್ಲಿ ಯಾರೂ ಕೂತು ಕೇಳಿರುವುದಿಲ್ಲ. ಒಂದು ಕಡೆಯವರು "ಮೂಢನಂಬಿಕೆ ಬಿಡು" ಎಂದಿರುತ್ತಾರೆ, ಇನ್ನೊಂದು ಕಡೆಯವರು "ಹಿರಿಯರು ಸುಮ್ಮನೆ ಹೇಳಿದ್ದಾರಾ" ಎಂದಿರುತ್ತಾರೆ. ಇದೇ ಕಥೆ ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರು ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಮನೆ, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಕ್ಷತ್ರಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಜಾತಕ ಬಲ್ಲ ನೆಂಟರಿಗೆ ಎರಡು ನಕ್ಷತ್ರ ಹೇಳಿದರೆ ಸಾಕು, ಯಾರ ಮನೆ ಎಂದು ಹೇಳಿಬಿಡುತ್ತಾರೆ.

ಆಕೆಗೆ 31 ವರ್ಷ. ಹೊಸ ಔಷಧಿಗಳ ಪ್ರಯೋಗದಲ್ಲಿ ಬರುವ ಅಂಕಿಅಂಶಗಳನ್ನು ವಿಶ್ಲೇಷಿಸುವ ಕೆಲಸ. ಮೆಚ್ಚಿದ ಹುಡುಗ, ಎರಡೂ ಮನೆಯವರ ಒಪ್ಪಿಗೆ, ಛತ್ರ ಹುಡುಕುವ ಮಾತೂ ಶುರುವಾಗಿತ್ತು. "ಸುಮ್ಮನೆ ಶಾಸ್ತ್ರಕ್ಕೆ" ಎಂದು ಜಾತಕ ತೋರಿಸಿದರು. 36 ಗುಣಗಳಲ್ಲಿ 21 ಬಂತು. 18 ದಾಟಿದರೆ ಆಗಬಹುದು ಎನ್ನುವುದು ವಾಡಿಕೆ. ಆದರೆ ಅದರಲ್ಲಿ ನಾಡಿಕೂಟದ, ಅಂದರೆ ಜನ್ಮನಕ್ಷತ್ರದಿಂದ ಬರುವ ನಾಡಿಯ ಹೊಂದಾಣಿಕೆಯ, 8ಕ್ಕೆ ಸೊನ್ನೆ. ಇಬ್ಬರದೂ ಒಂದೇ ನಾಡಿಯಾದರೆ ದೋಷ, ಇವರಿಬ್ಬರದೂ ಮಧ್ಯನಾಡಿ. "ಸಂತಾನಕ್ಕೆ ತೊಂದರೆ, ಯೋಚನೆ ಮಾಡಿ" ಎಂದರಂತೆ ಜೋಯಿಸರು.

ತಂದೆ ಸಾರ್ವಜನಿಕ ವಲಯದ ಕಾರ್ಖಾನೆಯಿಂದ ನಿವೃತ್ತರಾದ ಎಂಜಿನಿಯರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು. 1962ರಲ್ಲಿ ಶುರುವಾದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಹಿಂದಿನ ಸಾಲಿನಲ್ಲಿ ನಿಂತು ಕೇಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದನ್ನು ಇವತ್ತಿಗೂ ಅಭಿಮಾನದಿಂದ ಹೇಳುತ್ತಾರೆ. ಬೇರೆಯವರ ಪವಾಡದ ಎದುರು ನಿಂತ ಆ ಅಭಿಮಾನ ಮಗಳ ಜಾತಕದ ಎದುರು ನಿಲ್ಲಲಿಲ್ಲ. ಇದನ್ನು ಬೂಟಾಟಿಕೆ ಎಂದು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಮೊದಲ ಎರಡು ಭೇಟಿ ಪೂರ್ತಿ ಲೆಕ್ಕದಲ್ಲೇ ಹೋಯಿತು. ಆಕೆ ಒಂದು ಹಾಳೆಯ ಎರಡೂ ಬದಿ ಬರೆದು ತಂದಿದ್ದಳು. ನಕ್ಷತ್ರ 27, ನಾಡಿ 3, ಒಂದೊಂದು ನಾಡಿಗೆ 9 ನಕ್ಷತ್ರ. ಅಂದರೆ ದಾರಿಯಲ್ಲಿ ಹೋಗುವ ಯಾವ ಇಬ್ಬರನ್ನು ನಿಲ್ಲಿಸಿ ನೋಡಿದರೂ ಮೂರರಲ್ಲಿ ಒಂದು ಜೋಡಿಗೆ ಏಕನಾಡಿ ಬರುತ್ತದೆ. ಜಾತಕ ನೋಡದೆ ಮದುವೆಯಾಗುವ ಕೋಟ್ಯಂತರ ದಂಪತಿಗಳಲ್ಲಿ ಮೂರನೇ ಒಂದು ಪಾಲು ಜನ ಈ ದೋಷದಲ್ಲೇ ಮಕ್ಕಳನ್ನು ಹೆತ್ತು ಸಾಕುತ್ತಿದ್ದಾರೆ. ಕುಜದೋಷದ ಲೆಕ್ಕವೂ ಇತ್ತು. ಕುಜ 1, 2, 4, 7, 8, 12ನೇ ಮನೆಯಲ್ಲಿದ್ದರೆ ದೋಷ, 12ರಲ್ಲಿ 6 ಮನೆ, ಅಲ್ಲಿಗೆ ಸರಿಸುಮಾರು ಅರ್ಧ ಜನ. ಲಗ್ನದಿಂದ, ಚಂದ್ರನಿಂದ, ಶುಕ್ರನಿಂದ ಮೂರೂ ಕಡೆಯಿಂದ ಎಣಿಸಿದರೆ ಎಂಟರಲ್ಲಿ ಏಳು ಜನ ಯಾವುದಾದರೂ ಒಂದರಲ್ಲಿ ಸಿಕ್ಕಿಬೀಳುತ್ತಾರೆ. ಪರಿಹಾರದ ನಿಯಮಗಳು ಅಷ್ಟೊಂದು ಇರುವುದು ಯಾಕೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಅವು ಇಲ್ಲದಿದ್ದರೆ ಯಾರಿಗೂ ಮದುವೆಯೇ ಆಗುತ್ತಿರಲಿಲ್ಲ.

ಹಾಳೆಯ ಹಿಂಬದಿಯಲ್ಲಿ ಇನ್ನೊಂದು ವಿಷಯವಿತ್ತು, ಅದನ್ನು ಹೇಳಲು ಆಕೆಗೆ ಸಂಕೋಚ. ಮೊಬೈಲಿನ ಆಪ್ ಒಂದರಲ್ಲಿ ಅಯನಾಂಶವನ್ನು (ರಾಶಿಚಕ್ರ ಎಲ್ಲಿಂದ ಶುರು ಎಂದು ತೀರ್ಮಾನಿಸುವ ಲೆಕ್ಕ) ಲಾಹಿರಿಯಿಂದ ರಾಮನ್ ಪದ್ಧತಿಗೆ ಬದಲಿಸಿದರೆ ಹುಡುಗನ ಚಂದ್ರ ಮುಂದಿನ ನಕ್ಷತ್ರಕ್ಕೆ ದಾಟುತ್ತಿದ್ದ. ಎರಡು ಪದ್ಧತಿಗೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಚಂದ್ರ ಅಷ್ಟು ದೂರ ಚಲಿಸಲು ಎರಡೂವರೆ, ಮೂರು ಗಂಟೆ ಬೇಕು. ನಕ್ಷತ್ರದ ಅಂಚಿನಲ್ಲಿ ಹುಟ್ಟಿದವರಿಗೆ ಅಷ್ಟು ಸಾಕು. ನಕ್ಷತ್ರ ಬದಲಾಯಿತು, ನಾಡಿ ಬದಲಾಯಿತು, ಸೊನ್ನೆ ಇದ್ದಲ್ಲಿ 8 ಬಂತು.

"ಆವತ್ತು ಒಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು ಮೇಡಂ. ಬೆಳಗ್ಗೆ ಎದ್ದು ನನಗೇ ನಾಚಿಕೆ ಆಯ್ತು. ನಂಬದೇ ಇರೋಳಿಗೆ ಸಮಾಧಾನ ಯಾಕೆ ಆಗಬೇಕಿತ್ತು?"

ಮೂರನೇ ಭೇಟಿಯಲ್ಲಿ ಹಾಳೆಯನ್ನು ಪಕ್ಕಕ್ಕಿಡಲು ಹೇಳಿದೆ. ಲೆಕ್ಕ ತಪ್ಪಿಲ್ಲ, ಅದನ್ನು ಇನ್ನೊಂದು ಸಲ ಮಾಡಿದರೆ ಹೆದರಿಕೆ ಕಡಿಮೆಯಾಗುವುದಿಲ್ಲ. ಅಪ್ಪನಿಗೆ ಈ ಲೆಕ್ಕ ತೋರಿಸಿದಿರಾ ಎಂದು ಕೇಳಿದೆ.

"ತೋರಿಸ್ದೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಎಲ್ಲೂ ತಪ್ಪು ಹುಡುಕ್ಲಿಲ್ಲ. 'ಲೆಕ್ಕ ಸರಿ ಇದೆ ಪುಟ್ಟಿ, ಊರಿಗೆಲ್ಲ ಸರಿ. ನಿನಗೊಬ್ಬಳಿಗೆ ಆದ್ರೆ?' ಅಂದ್ರು."

"ನೀವೇನಂದ್ರಿ?"

ಆಕೆ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ, ಬಿಗಿ ಮಾಡುತ್ತಾ, ಮತ್ತೆ ಸಡಿಲಿಸುತ್ತಾ ಸ್ವಲ್ಪ ಹೊತ್ತು ಕೂತಳು. ಆಮೇಲೆ ಹೇಳಿದಳು: "ನಾನು ನಂಬಲ್ಲ ಮೇಡಂ. ಆದ್ರೆ ನಾಳೆ ಮಗೂಗೆ ಏನಾದ್ರೂ ಆದ್ರೆ, ಆವತ್ತು ಎಲ್ಲರಿಗಿಂತ ಮೊದಲು ನಂಬೋಳು ನಾನೇ."

ಇಡೀ ಪ್ರಕರಣ ಈ ಒಂದು ಮಾತಿನಲ್ಲಿದೆ. ಓದಿದವರ ಮನಸ್ಸಿನಲ್ಲಿ ನಂಬಿಕೆಗೂ ವಿಚಾರಕ್ಕೂ ಜಗಳ ನಡೆಯುತ್ತಿದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಹಳಷ್ಟು ಸಲ ಅಂಥ ಜಗಳವೇ ಇರುವುದಿಲ್ಲ. ಜಾತಕ ಸುಳ್ಳು ಎಂಬುದು ಆಕೆಗೆ ಈಗಾಗಲೇ ತೀರ್ಮಾನವಾಗಿತ್ತು. ತೀರ್ಮಾನವಾಗದೆ ಉಳಿದದ್ದು, ಕೆಟ್ಟದ್ದೇನಾದರೂ ನಡೆದ ದಿನ ಅದರ ಹೊಣೆಯನ್ನು ಯಾರ ತಲೆಗೆ ಕಟ್ಟುವುದು ಎಂಬುದು. ಎಚ್ಚರಿಕೆ ಕೊಟ್ಟಿದ್ದರು, ಕೇಳಲಿಲ್ಲ, ಹಾಗಾಗಿ ತಪ್ಪು ನನ್ನದು. ಈ ತೀರ್ಪನ್ನು ಆಕೆ ಮುಂಗಡವಾಗಿ ಬರೆದಿಟ್ಟುಕೊಂಡಿದ್ದಳು. ಅಪರಾಧ ನಡೆಯುವುದೊಂದು ಬಾಕಿಯಿತ್ತು.

ಆ ದಿನ ಬರುವುದೇ ಇಲ್ಲ ಎಂದು ಆಪ್ತಸಲಹೆಗಾರರು ಹೇಳಬಾರದು. ಹೇಳಿದರೆ ಅದು ಇನ್ನೊಂದು ಭವಿಷ್ಯವಾಗುತ್ತದೆ. ಜಗತ್ತಿನ ಎಲ್ಲ ಕಡೆ, ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಯಾವುದಾದರೂ ದೊಡ್ಡ ದೋಷ ಇರುತ್ತದೆ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ತಾನಾಗಿ ಇಳಿದುಹೋಗುತ್ತವೆ. 36ಕ್ಕೆ 36 ಬಂದ ಜೋಡಿಗೂ ಇದೇ ಲೆಕ್ಕ. ಹಾಗಾಗಿ ಏಕನಾಡಿಯ ಸಾವಿರ ದಂಪತಿಗಳಲ್ಲಿ ಕೆಲವರಿಗೆ ದುಃಖ ಬಂದೇ ಬರುತ್ತದೆ. ಆಗ "ನೋಡಿದ್ರಾ, ಹೇಳಿರಲಿಲ್ವಾ" ಎಂಬ ಮಾತು ಊರೆಲ್ಲ ಸುತ್ತುತ್ತದೆ. ಏನೂ ಆಗದ ಉಳಿದವರ ಮನೆಗೆ ಹೋಗಿ ಯಾರೂ ಎಣಿಸುವುದಿಲ್ಲ.

ಆಗ ನಾನು ಕೇಳಿದ ಪ್ರಶ್ನೆ ಆಕೆಯ ಕೆಲಸದ್ದು. "ನಿಮ್ಮ ಆಫೀಸಲ್ಲಿ ಔಷಧಿಯ ಫಲಿತಾಂಶ ನೋಡಿದ ಮೇಲೆ, ಯಾವುದನ್ನು ಗೆಲುವು ಅನ್ನಬೇಕು, ಯಾವುದನ್ನು ಸೋಲು ಅನ್ನಬೇಕು ಅಂತ ನಿಯಮ ಬರೆಯೋಕೆ ಬಿಡ್ತಾರಾ?"

"ಕೆಲಸ ಹೋಗುತ್ತೆ" ಎಂದಳು. ಅನಂತರ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ತಾನೇ ವಿವರಿಸಿದಳು. ಯಾರಿಗೆ ಔಷಧಿ ಹೋಯಿತು, ಯಾರಿಗೆ ಬರೀ ಸಕ್ಕರೆ ಮಾತ್ರೆ ಹೋಯಿತು ಎಂಬ ಗುಟ್ಟು ಒಡೆಯುವ ಮೊದಲೇ ವಿಶ್ಲೇಷಣೆಯ ಯೋಜನೆಯನ್ನು ಬರೆದು, ಸಹಿ ಹಾಕಿ, ಬೀಗ ಹಾಕಬೇಕು. ಗುಟ್ಟು ಒಡೆದ ಮೇಲೆ ಬರೆದ ನಿಯಮಕ್ಕೆ ಬೆಲೆಯಿಲ್ಲ. ಯಾಕೆಂದರೆ ಆಗ ಮನಸ್ಸು ತನಗೆ ಬೇಕಾದ್ದನ್ನು ಹುಡುಕಿಕೊಳ್ಳುತ್ತದೆ. ಇಷ್ಟು ಹೇಳಿ ನಿಲ್ಲಿಸಿದಳು. ತಾನು ಏನು ಹೇಳಿದೆ ಎಂದು ಆಕೆಗೇ ಕೇಳಿಸಿತ್ತು.

ಕೆಟ್ಟದ್ದೇನಾದರೂ ಆದ ದಿನ ಏನು ಮಾಡುವುದೆಂದು ಈಗಲೇ, ಮನೆಯಲ್ಲಿ ಕೂತು, ಒಂದೇ ಒಂದು ಪುಟ ಬರೆದು ತರಲು ಹೇಳಿದೆ. ಮೊದಲ ಪ್ರಯತ್ನ ಕೆಟ್ಟಿತು. ಇದು ಎಲ್ಲರಿಗೂ ಕೆಡುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಜ್ಯೋತಿಷ್ಯ ಯಾಕೆ ಸುಳ್ಳು ಎಂದು ಮೂರು ಪುಟ ಬರೆದಿದ್ದಳು. ಅದನ್ನು ಹಿಂದಕ್ಕೆ ಕೊಟ್ಟೆ. ವಾದ ಬರೆದರೆ ದುಃಖದ ದಿನ ಅದು ಪ್ರಯೋಜನಕ್ಕೆ ಬರುವುದಿಲ್ಲ, ಅಳುತ್ತಿರುವವರು ವಾದ ಓದುವುದಿಲ್ಲ. ಪುಟದಲ್ಲಿ ಇರಬೇಕಾದದ್ದು ದಿನಾಂಕ, ನಡೆಯಬಹುದಾದ ಘಟನೆ, ಆವತ್ತು ಮೊದಲು ಯಾರ ಹತ್ತಿರ ಹೋಗಬೇಕು, ಏನು ಮಾತಾಡಬಾರದು, ಎಷ್ಟು ದಿನ ಮಾತಾಡಬಾರದು. ಎರಡನೇ ಸಲ ಬರೆದು ತಂದ ಪುಟದಲ್ಲಿ ಹೀಗಿತ್ತು: "ಗರ್ಭ ನಿಲ್ಲದಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗುತ್ತೇವೆ. ಕಾರಣ ಗೊತ್ತಾಗದಿದ್ದರೆ 'ಗೊತ್ತಾಗಲಿಲ್ಲ' ಎಂದೇ ಎಲ್ಲರಿಗೂ ಹೇಳುತ್ತೇವೆ. ಆರು ವಾರ ಮನೆಯಲ್ಲಿ ಯಾರ ಜೊತೆಗೂ ಜಾತಕದ ಮಾತಿಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗುತ್ತೇವೆ." ಕೊನೆಯ ಸಾಲು ಬರೆಯಲು ಆಕೆಗೆ ಇನ್ನೂ ಒಂದು ವಾರ ಬೇಕಾಯಿತು: "ಆವತ್ತು ನನಗೆ ನಾಡಿಯ ನೆನಪು ಬಂದೇ ಬರುತ್ತದೆ. ನೆನಪು ಬಂದಿದ್ದು ಸಾಕ್ಷಿ ಅಲ್ಲ."

ಈ ಸಾಲು ಬೇಕೇ ಬೇಕು ಎಂದು ಹಟ ಹಿಡಿದವಳು ನಾನು. "ನನಗೆ ಆ ಯೋಚನೆಯೇ ಬರುವುದಿಲ್ಲ" ಎಂದು ಬರೆದವರು, ಯೋಚನೆ ಬಂದ ದಿನ ಸೋತೆ ಎಂದುಕೊಳ್ಳುತ್ತಾರೆ. ಹುಡುಗನೂ ಓದಿ ಸಹಿ ಹಾಕಬೇಕು ಎಂದೂ ಹೇಳಿದೆ. ಒಬ್ಬರೇ ಬರೆದ ಕಾಗದವನ್ನು ಒಬ್ಬರೇ ಹರಿದುಹಾಕಬಹುದು.

ಇನ್ನು ದೇವರ ವಿಷಯ. ಆಕೆ ಪ್ರತಿ ಗುರುವಾರ ಜಯನಗರ ಐದನೇ ಬ್ಲಾಕಿನ ರಾಯರ ಮಠಕ್ಕೆ ಹೋಗುತ್ತಿದ್ದವಳು. ಜಾತಕದ ಗಲಾಟೆ ಶುರುವಾದ ಮೇಲೆ ಐದು ವಾರ ಹೋಗಿರಲಿಲ್ಲ. ಅಪ್ಪ ಒಂದು ದಿನ, "ದೇವ್ರು ಬೇಕು, ಜಾತಕ ಬೇಡ ಅಂದ್ರೆ ಹೇಗೆ? ಅರ್ಧ ನಂಬಿಕೆ ಅಂತ ಇರುತ್ತಾ?" ಎಂದಿದ್ದರು. ಆಕೆಗೆ ಆ ಮಾತು ತರ್ಕಬದ್ಧವಾಗಿಯೇ ಕಂಡಿತು. ಬಿಡುವುದಾದರೆ ಎಲ್ಲ ಬಿಡಬೇಕು ಎಂದು ಮಠಕ್ಕೆ ಹೋಗುವುದನ್ನೇ ಬಿಟ್ಟಳು. ಸಂಜೆಯ ದೀಪವನ್ನೂ ಹಚ್ಚಲಿಲ್ಲ. ಅದರಿಂದ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮನಸ್ಸಿಗೆ ಆಸರೆಯಾಗಿದ್ದನ್ನು ಕಿತ್ತು, ಕಾಡುತ್ತಿದ್ದುದನ್ನು ಹಾಗೇ ಉಳಿಸಿಕೊಂಡಂತಾಯಿತು.

ಬರುವ ಗುರುವಾರವೇ ಮಠಕ್ಕೆ ಹೋಗಿ ಎಂದು ಹೇಳಿದೆ. ಇದಕ್ಕೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸಿದರು, ವೈಚಾರಿಕತೆಯ ಕಡೆಗೆ ಬರುತ್ತಿದ್ದವಳನ್ನು ಮತ್ತೆ ಗುಡಿಗೆ ಕಳಿಸಿದಿರಿ ಎಂದು. ನನ್ನ ಉತ್ತರ ಇದು. "ಏಕನಾಡಿಯವರಿಗೆ ಮಕ್ಕಳ ತೊಂದರೆ" ಎಂಬುದು ಜಗತ್ತಿನ ಬಗ್ಗೆ ಹೇಳಿದ ಮಾತು. ಎಣಿಸಿ ನೋಡಬಹುದು, ಸುಳ್ಳಾದರೆ ಬಿಡಬೇಕು. ರಾಯರ ಮುಂದೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು ಜಗತ್ತಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೃತಜ್ಞತೆ, ಮೊರೆ, ಶರಣು ಇವಕ್ಕೆ ಪುರಾವೆ ಕೇಳುವುದು ತಾಯಿಯ ಕಾಲಿಗೆ ನಮಸ್ಕಾರ ಮಾಡಿದವರನ್ನು ಆಧಾರ ಕೊಡು ಎಂದು ಕೇಳಿದಂತೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ "ತಗೊಂಡರೆ ಎಲ್ಲ, ಬಿಟ್ಟರೆ ಎಲ್ಲ" ಎನ್ನುವುದರಲ್ಲಿ ತಂದೆಯೂ ಕೆಲವು ವಿಚಾರವಾದಿಗಳೂ ಒಂದೇ ಪಕ್ಷ. ಭಕ್ತಿ ಇದ್ದವರು ಜಾತಕ ಒಪ್ಪಲೇಬೇಕು ಎಂಬ ಕಟ್ಟುಪಾಡು ನಮ್ಮ ನಾಡಿನಲ್ಲಿ ಯಾವತ್ತೂ ಒಮ್ಮತದ ಮಾತಾಗಿರಲಿಲ್ಲ. 12ನೇ ಶತಮಾನದ ಬಸವಣ್ಣನವರು ರಾಶಿಕೂಟ, ಗಣಸಂಬಂಧ, ತಾರಾಬಲಗಳನ್ನು ಹೆಸರಿಟ್ಟು ಕರೆದು, ಶರಣರು ಕೇಳಿದಾಗ ಎಲ್ಲವೂ ಕೂಡಿದೆ, ನಾಳೆಗಿಂತ ಇಂದೇ ಒಳ್ಳೆಯದು ಎಂದು ಹೇಳಿಬಿಡಿ ಎಂದರು. ಅವರು ದೇವರನ್ನು ಬಿಟ್ಟವರಲ್ಲ.

ಆಕೆ ಕೇಳಿದ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರಿಸಬೇಕು. ಓದಿದವರು ಹೆಚ್ಚಾಗಿ ಹಿಡಿಯುವ ರಾಜಿಮಾರ್ಗ ಅದು. ನಾಡಿ ಎಂದರೆ ಹಿಂದಿನವರ ಭಾಷೆಯಲ್ಲಿ ರಕ್ತದ ಗುಂಪು, ಜೀನು ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಇದು ವಿಜ್ಞಾನಕ್ಕೂ ಶಾಸ್ತ್ರಕ್ಕೂ ಮರ್ಯಾದೆ ಕೊಡದ ಮಾತು. ನಾಡಿ ಹುಟ್ಟಿದ ಹೊತ್ತಿನ ಚಂದ್ರನಿಂದ ಬರುತ್ತದೆ, ರಕ್ತದ ಗುಂಪು ತಂದೆತಾಯಿಯಿಂದ ಬರುತ್ತದೆ. ಮೂರು ದಿನದ ಅಂತರದಲ್ಲಿ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗೆ ಬೇರೆ ಬೇರೆ ನಾಡಿ ಬರಬಹುದು, ರಕ್ತದ ಗುಂಪು ಅವರವರ ಮನೆಯದೇ. ನಿಜವಾಗಿ ಮಕ್ಕಳ ಚಿಂತೆಯಿದ್ದರೆ ನೋಡಬೇಕಾದದ್ದು ಬೇರೆ ಇದೆ, ಅದನ್ನು ಆಕೆಗೆ ಬರೆದುಕೊಟ್ಟೆ. ಇಬ್ಬರೂ ರಕ್ತ ಕೊಟ್ಟು ಥಲಸ್ಸೀಮಿಯಾ ಎಂಬ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆಯ ವಾಹಕರೇ ಎಂದು ನೋಡಿಸಿಕೊಳ್ಳಬೇಕು. ಎಚ್‌ಬಿಎ2 (ರಕ್ತದ ಹಿಮೋಗ್ಲೋಬಿನ್ನಿನ ಒಂದು ಬಗೆ) ಪ್ರಮಾಣ 3.5 ಶೇಕಡಾಕ್ಕಿಂತ ಹೆಚ್ಚಿದ್ದರೆ ಅನುಮಾನ. ಕಬ್ಬಿಣದ ಕೊರತೆ ಇದ್ದರೆ ಆ ಅಂಕಿ ಸುಳ್ಳೇ ಕಡಿಮೆ ತೋರಿಸಬಹುದು, ಹಾಗಾಗಿ ಅದನ್ನೂ ಜೊತೆಗೆ ನೋಡಿಸಬೇಕು. ಇಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಅಪಾಯ, ಅದಕ್ಕೆ ಗರ್ಭದಲ್ಲೇ ಪರೀಕ್ಷೆಯಿದೆ. ತಾಯಿ ಆರ್‌ಎಚ್ ನೆಗೆಟಿವ್, ತಂದೆ ಪಾಸಿಟಿವ್ ಆದರೆ 28ನೇ ವಾರದಲ್ಲೂ, ಮಗು ಪಾಸಿಟಿವ್ ಎಂದಾದರೆ ಹೆರಿಗೆಯಾದ 72 ಗಂಟೆಯೊಳಗೂ ಆಂಟಿ-ಡಿ ಚುಚ್ಚುಮದ್ದು. ಗರ್ಭ ಧರಿಸುವ ಒಂದು ತಿಂಗಳ ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತಸಂಬಂಧದಲ್ಲಿ ಮದುವೆಯೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲು. ಸೋದರಮಾವನಿಗೂ ಅಕ್ಕನ ಮಗಳಿಗೂ ಸರಾಸರಿ ಕಾಲುಭಾಗ ಜೀನುಗಳು ಒಂದೇ. ಗುಣ ಕೂಡಿದೆ ಎಂದು ಆ ಮದುವೆ ಮಾಡಿದ ಮನೆಗಳೇ, ಸಂಬಂಧವೇ ಇಲ್ಲದ ಇಬ್ಬರನ್ನು ನಾಡಿಯ ಹೆಸರಿನಲ್ಲಿ ದೂರ ಮಾಡುವುದನ್ನು ನೋಡುವಾಗ ಸಂಕಟವಾಗುತ್ತದೆ.

ನಾಲ್ಕನೇ ಭೇಟಿಗೆ ತಂದೆಯೂ ಬಂದರು. ಜಗಳಕ್ಕೆ ಸಿದ್ಧರಾಗಿ ಬಂದವರಂತೆ ಕಾಣಲಿಲ್ಲ, ಆಯಾಸವಾದವರಂತೆ ಕಂಡರು. "ನೋಡಿಮ್ಮಾ, ನಾನು ಗ್ರಹಕ್ಕೆ ಹೆದರೋನಲ್ಲ. ಗೊತ್ತಿದ್ದೂ ಅಪ್ಪ ಸುಮ್ಮನಿದ್ದ ಅನ್ನೋ ಮಾತಿಗೆ ಹೆದರ್ತೀನಿ. ನಾಡಿದೋಷ ಶಾಂತಿ ಒಂದು ಮಾಡಿಸಿಬಿಡೋಣ, ಎಲ್ಲರಿಗೂ ನೆಮ್ಮದಿ. ಅದರಲ್ಲಿ ಕಳ್ಕೊಳ್ಳೋದೇನಿದೆ?"

ಮಗಳು ಮೂರನೇ ಭೇಟಿಯಲ್ಲಿ ಹೇಳಿದ್ದೂ ಇದೇ ಮಾತು, ಬರೀ ಮನುಷ್ಯ ಬೇರೆ. ಅದಕ್ಕೇ ಇವರನ್ನು ಬೂಟಾಟಿಕೆಯವರು ಎನ್ನಲು ನನಗೆ ಮನಸ್ಸಿಲ್ಲ.

ಶಾಂತಿ ಬೇಡ ಎಂದು ನಾನು ಸಲಹೆ ಕೊಟ್ಟೆ. ಈ ಸಲಹೆಗೆ ಇನ್ನೊಂದು ಕಡೆಯಿಂದಲೂ ಬೈಸಿಕೊಂಡಿದ್ದೇನೆ. ಹಿರಿಯರ ಸಮಾಧಾನಕ್ಕೆ ಒಂದು ಹೋಮ ಮಾಡಿಸಿದರೆ ಏನು ಗಂಟು ಹೋಗುತ್ತದೆ ಎಂದು ಕೇಳುತ್ತಾರೆ. ದುಡ್ಡಿನ ಮಾತು ಬಿಡಿ. ದಂಡ ಕಟ್ಟಿದವರು ತಪ್ಪು ಒಪ್ಪಿಕೊಂಡಂತೆ. ಪರಿಹಾರ ಮಾಡಿಸಿದ ಕ್ಷಣ ದೋಷ ಇತ್ತು ಎಂದು ಎರಡೂ ಮನೆ ಸಹಿ ಹಾಕಿದಂತಾಗುತ್ತದೆ. ಮುಂದೆ ಮಗುವಿಗೆ ಏನಾದರೂ ಆದರೆ ಮಾತು ನಿಲ್ಲುವುದಿಲ್ಲ, ಶಾಂತಿ ಸರಿಯಾಗಿ ಆಗಲಿಲ್ಲ, ಮುಹೂರ್ತ ತಪ್ಪಿತ್ತು, ಇನ್ನೊಂದು ಮಾಡಿಸಬೇಕು ಎಂದು ಶುರುವಾಗುತ್ತದೆ. ಒಂದರಲ್ಲಿ ಮುಗಿಸಿದವರನ್ನು ನಾನು ಕಂಡಿರುವುದು ಕಡಿಮೆ. ಕೊನೆಗೆ ಆ ಮಾತೆಲ್ಲ ಬಂದು ಬೀಳುವುದು ಗರ್ಭ ಹೊತ್ತವಳ ಮೇಲೆ. ಇದೇ ತಂದೆ ಮದುವೆಯ ಮರುದಿನ ಸತ್ಯನಾರಾಯಣ ಪೂಜೆ ಮಾಡುತ್ತೇನೆ ಎಂದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು, ಅವರಿಗೆ ಹಾಗೆಯೇ ಹೇಳಿದೆ ಕೂಡ. ಮಕ್ಕಳು ಚೆನ್ನಾಗಿರಲಿ ಎಂದು ಕೈಮುಗಿಯುವುದು ಬೇರೆ, ಮಕ್ಕಳಲ್ಲಿ ಐಬಿದೆ ಎಂದು ಒಪ್ಪಿ ಕೈಮುಗಿಯುವುದು ಬೇರೆ.

ಅವರು ತಕ್ಷಣ ಒಪ್ಪಲಿಲ್ಲ. ಮಗಳು ಬರೆದ ಪುಟವನ್ನು ತೋರಿಸಿ ಎಂದರು. ಓದಿದರು. ಆರು ವಾರ ಎಂದಿದ್ದಲ್ಲಿ ಬೆರಳಿಟ್ಟು, "ಇದು ನನಗೂ ಸೇರಿದೆಯಾ?" ಎಂದು ಕೇಳಿದರು. ಮಗಳು ಹೌದು ಎಂದಳು. ಸಹಿ ಹಾಕುವುದಿಲ್ಲ ಎಂದರು, ನಾವೂ ಒತ್ತಾಯ ಮಾಡಲಿಲ್ಲ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಈ ಪುಟದ ಉಪಾಯ ಎಲ್ಲರಿಗೂ ಅಲ್ಲ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಜಾತಕ, ಶಕುನ, ಮಂತ್ರದ ಎಣಿಕೆಯಲ್ಲೇ ಹೋಗುತ್ತಿದ್ದರೆ, ಒಂದು ಅಕ್ಷರ ತಪ್ಪಿತೆಂದು ಮೊದಲಿನಿಂದ ಮತ್ತೆ ಶುರು ಮಾಡುತ್ತಿದ್ದರೆ, ಅದು ಗೀಳು ಕಾಯಿಲೆಯಾಗಿರಬಹುದು. ಅಂಥವರು ಬರೆದ ಪುಟವನ್ನೇ ದಿನಕ್ಕೆ ಐವತ್ತು ಸಲ ಓದುತ್ತಾ ಕೂರುತ್ತಾರೆ. ಅವರನ್ನು ಮನೋವೈದ್ಯರ ಹತ್ತಿರ ಕಳಿಸಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ಔಷಧಿ ಕೆಲಸ ಮಾಡಿದೆಯೇ ಎಂದು ನೋಡಲು ಎಂಟರಿಂದ ಹನ್ನೆರಡು ವಾರ ಬೇಕಾಗುತ್ತದೆ, ನಡುವೆ ಬಿಡಬಾರದು. ಈಕೆಗೆ ಅಂಥ ಲಕ್ಷಣಗಳಿರಲಿಲ್ಲ.

ಥಲಸ್ಸೀಮಿಯಾ ಪರೀಕ್ಷೆಗೆ ಇಬ್ಬರನ್ನೂ ಲ್ಯಾಬಿಗೆ ಕರೆದುಕೊಂಡು ಹೋದವರು ತಂದೆಯೇ. ಇಬ್ಬರೂ ವಾಹಕರಲ್ಲ ಎಂದು ವರದಿ ಬಂತು. ಆಕೆಯ ಕಬ್ಬಿಣದ ಅಂಶ ಮಾತ್ರ ಕಡಿಮೆಯಿತ್ತು, ಮೂರು ತಿಂಗಳು ಮಾತ್ರೆ ತೆಗೆದುಕೊಂಡು ಆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ಎರಡೂ ವರದಿಯನ್ನು ಅವರು ಮಡಿಸಿ, ಜಾತಕಗಳಿದ್ದ ಪ್ಲಾಸ್ಟಿಕ್ ಫೈಲಿನೊಳಗೇ ಸೇರಿಸಿಟ್ಟರಂತೆ. ಮತ್ತೆ ಪರೀಕ್ಷೆ ಮಾಡಿಸಬೇಕಾದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಆ ದಿನದ ರಾಹುಕಾಲದ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ ಎಂದು ಆಕೆ ಹೇಳಿದಳು.